ಕಾಜಾ ಅಕ್ಕನ ಊದಿದ ಕೈ

ಆ ಮನೆಯಲ್ಲಿ ಕೀಲುರೋಗದ ಡಾಕ್ಟರೊಬ್ಬ ತಯಾರಾಗುತ್ತಿದ್ದ. ಆದರೆ ಕುಕ್ಕರಿನ ಮುಚ್ಚಳ ತೆಗೆದುಕೊಡುವವರು ಮಾತ್ರ ಯಾರೂ ಇರಲಿಲ್ಲ. ಬೆಳಗ್ಗೆ ಎದ್ದೊಡನೆ ತಾಯಿ ತನ್ನ ಮರಗಟ್ಟಿದ ಬೆರಳುಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ಅದ್ದಿಕೊಂಡು ಊಟದ ಮೇಜಿನ ಮುಂದೆ ಕೂತಿರುತ್ತಿದ್ದಳು. ಮಗರಾಯ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ದಪ್ಪ ಪುಸ್ತಕ ಹರಡಿಕೊಂಡು, ಸಂಧಿವಾತದವರಿಗೆ ಬೆಳಗಿನ ಹೊತ್ತು ಕೈ ಯಾಕೆ ಬಿಗಿಯುತ್ತದೆ ಎಂಬ ಪಾಠವನ್ನು ಉರು ಹೊಡೆಯುತ್ತ, ತಲೆ ಎತ್ತದೆ, "ಅಮ್ಮ, ಟೀ ಇನ್ನೂ ಆಗ್ಲಿಲ್ವಾ?" ಎಂದು ಕೇಳುತ್ತಿದ್ದ.

ತಾಯಿಗೆ ಹೊಲಿಗೆ ಅಂಗಡಿಯಲ್ಲಿ ಕಾಜಾ ಅಕ್ಕ ಎಂದು ಹೆಸರು. ಕೋಟಿನ ಗುಂಡಿ ತೂರುವ ಸೀಳಿಗೆ ಕಾಜಾ ಎನ್ನುತ್ತಾರೆ. ಅದರ ಅಂಚನ್ನು ಒತ್ತೊತ್ತಾಗಿ ಕೈಯಲ್ಲೇ ಹೊಲಿಯುವವರು ಆ ಬೀದಿಯಲ್ಲಿ ಆಕೆ ಒಬ್ಬಳೇ. ಮಗನ ಮೆಡಿಕಲ್ ಓದಿನ ಅರ್ಧ ಆ ಕಾಜಾಗಳಿಂದಲೇ ನಡೆದದ್ದು. ಉಳಿದರ್ಧ ಹೇಗೆ ನಡೆಯಿತೆಂದು ಯಜಮಾನರನ್ನು ಕೇಳಿದರೆ, "ಹೇಗೋ ಆಯ್ತು" ಎನ್ನುವರು. ಯಜಮಾನರೆಂದರೆ ಆಕೆಯ ಗಂಡ. ನೀರಿನ ಕಚೇರಿಯಲ್ಲಿ ಮನೆಮನೆಯ ಮೀಟರ್ ಓದಿ ನಿವೃತ್ತರಾದವರು, ಈಗ ಬಾಗಿಲ ಮೆಟ್ಟಿಲ ಮೇಲೆ ಕೂತು ಬೀದಿಯಲ್ಲಿ ಹೋಗುವವರ ಯೋಗ್ಯತೆ ಓದುತ್ತಾರೆ. ಒಳಗಿನ ಕೋಣೆಯಲ್ಲಿ ಅವರ ತಾಯಿ, ಅಜ್ಜಿ. ಸೊಸೆಗೆ ಯಾವ ಕಾಯಿಲೆ ಬಂದರೂ ಅದು ತನಗೆ ಮೊದಲೇ ಬಂದು, ತಾನು ಯಾರಿಗೂ ಹೇಳದೆ ನುಂಗಿಕೊಂಡದ್ದು ಎಂಬುದು ಅಜ್ಜಿಯ ವಾದ. ಇವರೆಲ್ಲರ ನಡುವೆ ಲಾಂಡ್ರಿಯೊಂದರ ಕೌಂಟರಿನಲ್ಲಿ ಕೆಲಸ ಮಾಡುವ ಮಗಳು. ಅವಳ ನಾಲಿಗೆ ಹರಿತ. ಆ ಮನೆಯಲ್ಲಿ ಹರಿತವಾಗಿದ್ದದ್ದು ಅದೊಂದೇ, ಚಾಕುಗಳೆಲ್ಲ ಮೊಂಡು.

ಬೆರಳಿನ ಗೆಣ್ಣುಗಳು ಊದತೊಡಗಿ ವರ್ಷಗಳೇ ಆಗಿದ್ದವು. ಸೂಜಿ ಹಿಡಿಯಲಾಗದೆ ಅಂಗಡಿಗೆ ಹೋಗುವುದೂ ನಿಂತಿತ್ತು. ಮೂಲೆ ಮೂಲೆಯ ಕ್ಲಿನಿಕ್ಕಿನ ಡಾಕ್ಟರುಗಳೆಲ್ಲ ನೋವಿನ ಮಾತ್ರೆ ಬರೆದು, "ವಯಸ್ಸಾಯ್ತಲ್ಲಮ್ಮ" ಎಂದು ಕಳಿಸಿದ್ದರು. ಒಬ್ಬನೂ ಬೆರಳು ಮುಟ್ಟಿ ನೋಡಿರಲಿಲ್ಲ. ಕೊನೆಗೆ ಮಗ ಕಲಿಯುತ್ತಿದ್ದ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ನೋಡಿ, ಇದು ಸಂಧಿವಾತ ಎಂದು ಹೇಳಿ, ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದರು. ತಪ್ಪಿ ದಿನಾ ನುಂಗಿದರೆ ಅಪಾಯವಾದ್ದರಿಂದ ಮಗನೇ ಅದನ್ನು ತನ್ನ ಬೀರುವಿನಲ್ಲಿಟ್ಟುಕೊಂಡು ಭಾನುವಾರ ತಿಂಡಿಯಾದ ಮೇಲೆ ತಾಯಿಯ ಅಂಗೈಗೆ ಹಾಕುತ್ತಿದ್ದ. ಮಗನಾಗಿ ಅವನು ಮನೆಯಲ್ಲಿ ಮಾಡುತ್ತಿದ್ದ ಕೆಲಸ ಅದಿಷ್ಟೇ.

ಆ ಮಾತ್ರೆ ನಿಧಾನದ್ದು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೊಂದು ದಿನ ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು. ಇನ್ನಷ್ಟು ದಿನ ಕಳೆದು, ಕಾಜಾ ಅಕ್ಕ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಿ, ಹಳೆಯ ಬಟ್ಟೆಯ ತುಂಡಿನ ಮೇಲೆ ಒಂದು ಕಾಜಾ ಹೊಲಿದಳು. ಅದನ್ನು ಹಿಡಿದುಕೊಂಡು ಸೀದಾ ಅಂಗಡಿಗೆ ಹೋದಳು. ಅಂಗಡಿ ನಡೆಸುವ ಟೈಲರ್ ಮಾಸ್ಟರ್ ಕನ್ನಡಕ ಏರಿಸಿ ನೋಡಿದ.

"ಪರವಾಗಿಲ್ಲ ಅಕ್ಕ. ಕೈ ವಾಪಸ್ ಬರ್ತಾ ಇದೆ. ಆದ್ರೆ ನಾನು ಎಷ್ಟು ದಿನ ಅಂತ ಕಾಯ್ಲಿ? ಎರಡು ತಿಂಗಳು ಬಿಟ್ಟು, ಮೊದಲನೇ ತಾರೀಖು ಬಂದು ಕೂತ್ರೆ ಕುರ್ಚಿ ನಿಮ್ದು. ಇಲ್ಲಾಂದ್ರೆ ಕಾಜಾ ಮಿಷನ್ ತರಿಸಿಬಿಡ್ತೀನಿ."

"ಬರ್ತೀನಿ. ಮಿಷನ್ ಕಾಜಾ ನಾಯಿ ಕಚ್ಚಿದ ಹಾಗಿರುತ್ತೆ, ತರಿಸ್ಬೇಡಿ."

ಈ ಸುದ್ದಿಯನ್ನು ಆಕೆ ಮನೆಗೆ ಬಂದು ಹೇಳಿದಾಗ ಮಗಳು ಒಬ್ಬಳೇ ಸಂತೋಷಪಟ್ಟಳು. ಅಜ್ಜಿ, "ಅಂಗಡಿಗೆ ಹೋಗೋಕೆ ಕೈ ಬರುತ್ತೆ, ನನ್ನ ಮಂಡಿಗೆ ಎಣ್ಣೆ ಹಚ್ಚೋಕೆ ಬರಲ್ಲ" ಎಂದಳು. ಯಜಮಾನರು ಬ್ರೆಡ್ಡಿಗೆ ಬೆಣ್ಣೆ ಸವರಿಕೊಳ್ಳುತ್ತ, ಡಾಕ್ಟರನ ತಾಯಿ ಗುಂಡಿ ಹಾಕುತ್ತ ಕೂತರೆ ನಾಲ್ಕು ಜನ ಏನಂದುಕೊಳ್ಳುತ್ತಾರೆ ಎಂದು ಕೇಳಿದರು. ಅದೇ ಗುಂಡಿಯಿಂದ ಮಗ ಡಾಕ್ಟರ್ ಆದದ್ದು ಎಂದು ಆ ನಾಲ್ಕು ಜನರಿಗೂ ಗೊತ್ತಿತ್ತು.

ಡಾಕ್ಟರಿಗೆ ಮಾತ್ರ ಬೇರೆ ಚಿಂತೆ ಹತ್ತಿಕೊಂಡಿತ್ತು.

ಆಸ್ಪತ್ರೆಯಲ್ಲಿ ಸುತ್ತಮುತ್ತಲಿನ ಕ್ಲಿನಿಕ್ಕಿನ ಡಾಕ್ಟರುಗಳನ್ನು ಕರೆಸಿ, ಕೀಲುರೋಗವನ್ನು ಶುರುವಿನಲ್ಲೇ ಗುರುತಿಸುವುದು ಹೇಗೆಂದು ಕಲಿಸುವ ತರಬೇತಿ ನಿಶ್ಚಯವಾಗಿತ್ತು. ಅದನ್ನು ನಡೆಸುವ ಅವಕಾಶ ಇವನಿಗೆ ಸಿಕ್ಕಿತ್ತು. ಚೆನ್ನಾಗಿ ಮಾಡಿದರೆ ಬೇರೆ ಊರುಗಳ ತರಬೇತಿಯೂ ಇವನ ಕೈಗೆ ಬರುವುದು, ಕೆಟ್ಟರೆ ಜೊತೆಯವನ ಪಾಲಾಗುವುದು. ಅದಕ್ಕೆ ಹಸಿ ಬಾವು ಇರುವ ಕೈ ಬೇಕಿತ್ತು. ಪುಸ್ತಕದ ಚಿತ್ರ ನೋಡಿ ಬಾವು ಒತ್ತುವುದನ್ನು ಯಾರೂ ಕಲಿಯಲಾರರು. ಆದರೆ ದೊಡ್ಡ ಡಾಕ್ಟರಮ್ಮನ ರೋಗಿಗಳೆಲ್ಲ ಹಾಳಾದವರು, ಒಬ್ಬೊಬ್ಬರಾಗಿ ವಾಸಿಯಾಗುತ್ತಿದ್ದರು. ಉಳಿದವರು, ನಲವತ್ತು ಜನರ ಕೈಯಲ್ಲಿ ಒತ್ತಿಸಿಕೊಳ್ಳಲು ನಮಗೇನು ಹುಚ್ಚೇ ಎಂದು ಬಿಟ್ಟಿದ್ದರು.

ಒಂದು ಸಂಜೆ ಅಪ್ಪ ಮಗ ಮೆಟ್ಟಿಲ ಮೇಲೆ ಕೂತು ಮಾತಾಡಿದ್ದನ್ನು ಓದುಗರಿಗೆ ಮುಚ್ಚಿಡುವುದೇಕೆ.

"ಅಮ್ಮನ ಕೈಯೇ ಇತ್ತು, ಒಳ್ಳೇ ಕೇಸು. ಈಗ ಅದೂ ಇಳೀತಾ ಇದೆ," ಎಂದ ಮಗ, ಬಸ್ಸು ತಪ್ಪಿದವನ ಹಾಗೆ.

"ಇಳಿದ್ರೆ ಕಷ್ಟ ಅಲ್ವಾ?" ಎಂದರು ಯಜಮಾನರು.

"ಮಾತ್ರೆ ಕೆಲವು ವಾರ ನಿಲ್ಲಿಸಿದ್ರೆ ಬಾವು ವಾಪಸ್ ಬರುತ್ತೆ."

"ಆಮೇಲೆ ಕೊಟ್ರೆ ಹೋಗುತ್ತಲ್ಲ?"

"ಹೋಗುತ್ತೆ. ಸಾಮಾನ್ಯವಾಗಿ."

ಈ "ಸಾಮಾನ್ಯವಾಗಿ" ಎಂಬ ಮಾತಿನ ಮೇಲೆ ಇಬ್ಬರೂ ಆರಾಮವಾಗಿ ಕಾಲು ಚಾಚಿಕೊಂಡರು. ನಲವತ್ತು ಡಾಕ್ಟರುಗಳು ಕಲಿತರೆ ಎಷ್ಟು ಸಾವಿರ ರೋಗಿಗಳು ಉಳಿಯುತ್ತಾರೆಂದು ಮಗ ಲೆಕ್ಕ ಹೇಳಿದ. ಲೆಕ್ಕ ಸುಳ್ಳಲ್ಲ. ತನ್ನ ತಾಯಿಯ ಕೈಗಳು ಆ ಲೆಕ್ಕದಲ್ಲಿ ಸೇರಿರಲಿಲ್ಲ, ಅಷ್ಟೇ. ಯಜಮಾನರು ಹೆಮ್ಮೆಯಿಂದ ಮಗನ ಭುಜ ತಟ್ಟಿದರು. ಬೇರೆಯವರ ಮೈಮೇಲೆ ತ್ಯಾಗ ಮಾಡುವುದು ಅವರಿಗೆ ಹೊಸದೇನಲ್ಲ.

ಆ ಭಾನುವಾರ ತಿಂಡಿಯಾಯಿತು, ತಟ್ಟೆಗಳು ತೊಳೆದಾದವು, ಮಾತ್ರೆ ಬರಲಿಲ್ಲ.

"ಇವತ್ತು ಬೇಡಮ್ಮ," ಎಂದ ಮಗ. "ರಕ್ತ ಪರೀಕ್ಷೆಯಲ್ಲಿ ಲಿವರ್‌ದು ಸ್ವಲ್ಪ ಏರುಪೇರು ಇದೆ. ಕೆಲವು ವಾರ ರೆಸ್ಟ್ ಕೊಡೋಣ."

"ಕೈ ಮತ್ತೆ ಹಿಡ್ಕೊಂಡ್ರೆ?"

"ನಾನಿದ್ದೀನಲ್ಲ."

"ರಿಪೋರ್ಟ್ ತೋರಿಸು," ಎಂದಳು ಮಗಳು, ಚೀಲ ಹೆಗಲಿಗೇರಿಸುತ್ತ.

"ತೋರಿಸಿದ್ರೆ ನಿಂಗೇನು ಅರ್ಥ ಆಗುತ್ತೆ? ನೀನು ಬಟ್ಟೆ ಚೀಟಿ ಅಂಟಿಸು ಹೋಗು."

ಕಾಜಾ ಅಕ್ಕ ಮಗಳನ್ನೇ ಗದರಿದಳು. ಅಣ್ಣ ಓದಿದವನು, ಅವನಿಗೆ ಗೊತ್ತಿರುತ್ತದೆ ಎಂದಳು. ಮಗನನ್ನು ಡಾಕ್ಟರ್ ಮಾಡಿದವರು ಮಾಡುವ ತಪ್ಪೇ ಇದು. ಕಷ್ಟಪಟ್ಟು ಮಾಡಿಸಿದ ವಸ್ತು ಚೆನ್ನಾಗಿಯೇ ಇರಬೇಕೆಂದು ನಂಬಿಬಿಡುತ್ತಾರೆ.

ಕೆಲವು ವಾರ ಏನೂ ಕಾಣಲಿಲ್ಲ. ಆಮೇಲೆ ಬೆಳಗಿನ ಬಿಸಿನೀರಿನ ಪಾತ್ರೆ ಮತ್ತೆ ಮೇಜಿಗೆ ಬಂತು. ಗೆಣ್ಣುಗಳ ನಡುವಿನ ತಗ್ಗು ತುಂಬಿಕೊಂಡಿತು. ಆಲೂಗಡ್ಡೆ ಸುಲಿಯುವ ಕೆಲಸ ಮಗಳಿಗೆ ಹೋಯಿತು, ನೀರಿನ ಬಿಂದಿಗೆ ಯಾರಿಗೂ ಹೋಗದೆ ಬಾಗಿಲಲ್ಲೇ ಕೂತಿತು. ಒಂದು ಮಧ್ಯಾಹ್ನ ಗಂಜಿಯ ಪಾತ್ರೆ ಕಾಜಾ ಅಕ್ಕನ ಕೈಯಿಂದ ಜಾರಿ ಅಡುಗೆಮನೆಯೆಲ್ಲ ಗಂಜಿಯಾಯಿತು.

"ಶುರುವಾಯ್ತು," ಎಂದಳು ಅಜ್ಜಿ ಹಾಸಿಗೆಯಿಂದಲೇ. "ಬೆರಳು ನೋವಂತೆ, ಬೆರಳು. ನಾನು ಏಳು ಹೆತ್ತು ಬೀಸೋಕಲ್ಲು ತಿರುವಿದ್ದೀನಿ."

"ಅತ್ತೆ, ನೀವು ಹೆತ್ತಿದ್ದು ಮೂರು."

"ನೋವು ಏಳರದ್ದಿತ್ತು."

ಯಜಮಾನರು ಒಳಗೆ ಬಂದು ನೆಲ ನೋಡಿದರು, ಹೆಂಡತಿಯ ಕೈ ನೋಡಿದರು. ಊದಿದ್ದನ್ನು ಕಂಡು ಅವರ ಮುಖ ಅರಳಿತು. ಮಗನಿಗೆ ಫೋನ್ ಮಾಡಲು ಹೊರಗೆ ಹೋದರು. ಗಂಜಿಯನ್ನು ಕಾಜಾ ಅಕ್ಕನೇ ಒರೆಸಿದಳು.

ಮೊದಲನೇ ತಾರೀಖು ಹತ್ತಿರವಾಗುತ್ತಿತ್ತು. ಕಾಜಾ ಅಕ್ಕ ಪ್ರತಿ ಭಾನುವಾರ ಕೇಳುವಳು, ಮಗ ಮುಂದಿನ ವಾರ ಎನ್ನುವನು. ಒಂದು ರಾತ್ರಿ ಊಟದ ಹೊತ್ತಿಗೆ ಅವನೇ ಮೊಟ್ಟೆ ಸುಲಿದು ತಾಯಿಯ ತಟ್ಟೆಗಿಟ್ಟ. ಮಗಳಿಗೆ ಆಗಲೇ ಅನುಮಾನ ಬಂತು.

"ಅಮ್ಮ, ಈ ವಾರ ನಮ್ಮ ಆಸ್ಪತ್ರೆಗೆ ಒಂದು ಸಲ ಬಾ. ಡಾಕ್ಟರುಗಳಿಗೆ ನಿನ್ನ ಕೈ ತೋರಿಸ್ಬೇಕು. ನಿನ್ನ ಹಾಗೆ ಇನ್ನೊಬ್ರು ವರ್ಷಗಟ್ಟಲೆ ನರಳಬಾರದು, ಅದಕ್ಕೆ."

"ಅಷ್ಟೇ ತಾನೆ? ಬರ್ತೀನಿ. ಆ ಮುಂಡೇಮಕ್ಕಳಿಗೆ ಯಾರಾದ್ರೂ ಕಲಿಸ್ಲೇಬೇಕು," ಎಂದಳು ಕಾಜಾ ಅಕ್ಕ. ಕ್ಲಿನಿಕ್ಕಿನವರ ಮೇಲೆ ಆಕೆಗಿದ್ದ ಸಿಟ್ಟು ನಿಜವಾದದ್ದು. ಮೊದಲೇ ಕೇಳಿದ್ದರೆ ಕೈ ಬೇನೆಯಿದ್ದರೂ ಬರುತ್ತಿದ್ದಳು, ವಾಸಿಯಾದ ಕೈ ಹಿಡಿದುಕೊಂಡೂ ಬರುತ್ತಿದ್ದಳು.

ತರಬೇತಿಯ ದಿನ ಕರೆದೊಯ್ಯಲು ಆಸ್ಪತ್ರೆಯ ಕಾರು ಬಂತು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೀದಿಯ ಎರಡೂ ಕಡೆ ನೋಡಿ, ಯಾರೂ ಇಲ್ಲದ್ದರಿಂದ ಕಾರಿನ ಬಾಗಿಲನ್ನು ಎರಡು ಸಲ ಜೋರಾಗಿ ಹಾಕಿದರು. ಅಜ್ಜಿ ಕಿಟಕಿಯಿಂದ, "ನನ್ನ ಮಂಡಿ ನೋಡೋಕೆ ಯಾವನೂ ಕಾರು ಕಳಿಸ್ಲಿಲ್ಲ" ಎಂದಳು.

ಆಸ್ಪತ್ರೆಯ ಹಾಲಿನಲ್ಲಿ ವೇದಿಕೆಯ ಮೇಲೊಂದು ಕುರ್ಚಿ. ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟಿದ್ದರು. ಅದರ ಬಿರಡೆ ತಿರುಗಿಸಲು ಬರದ ಕೈಯವರಿಗೆಂದೇ ಆ ಕುರ್ಚಿ ಹಾಕಿದ್ದು ಎಂಬುದು ಇಟ್ಟವರ ತಲೆಗೆ ಹೊಳೆದಿರಲಿಲ್ಲ. ಮಗ ಬಿಳಿ ಕೋಟು ತೊಟ್ಟು ಮೈಕು ಹಿಡಿದಿದ್ದ. ಆಕೆ ತಾಯಿಯೆಂದು ಅವನು ಹೇಳಲಿಲ್ಲ, "ರೋಗಿ" ಎಂದ. ಗೋಡೆಯ ಮೇಲಿನ ಪರದೆಯಲ್ಲಿ ದೊಡ್ಡ ಅಕ್ಷರಗಳು ಮೂಡಿದವು: ಕುಟುಂಬದ ಬೆಂಬಲವೇ ಅರ್ಧ ಚಿಕಿತ್ಸೆ. ಯಜಮಾನರು ಮೊದಲ ಸಾಲಿನಲ್ಲಿ ಕೂತು ಅದನ್ನು ಓದಿ ತಲೆದೂಗಿದರು.

ಡಾಕ್ಟರುಗಳು ಸಾಲಾಗಿ ಬಂದರು. ಅಂಗೈಯನ್ನು ಅಡ್ಡಡ್ಡ ಹಿಡಿದು ಗೆಣ್ಣುಗಳನ್ನು ಒಟ್ಟಿಗೆ ಹಿಂಡಿ ನೋಡಬೇಕು, ಇದು ಪಾಠ. ಒಬ್ಬ ಬಂದು ಹಿಂಡಿದ. "ಒಂದರಿಂದ ಹತ್ತರೊಳಗೆ ಎಷ್ಟು ನೋವು ಅಮ್ಮಾ?"

"ಐದು."

ಇನ್ನೊಬ್ಬ ಬಂದ. ಇನ್ನೊಬ್ಬಳು ಬಂದಳು. ಎಲ್ಲರದೂ ಅದೇ ಪ್ರಶ್ನೆ. ಐದು ಆರಾಯಿತು, ಏಳಾಯಿತು. ಒಬ್ಬ ದಪ್ಪ ಕೈಯವನು ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಹಿಚುಕಿದಂತೆ ಹಿಚುಕಿ, "ಹೂಂ, ಮೆತ್ತಗಿದೆ" ಎಂದು ಗೆಳೆಯನಿಗೆ ಹೇಳಿದ. ಆಕೆಯ ಕಣ್ಣಲ್ಲಿ ನೀರು ತುಂಬಿತು. ಆದರೂ ಕೈ ಹಿಂದೆಗೆಯಲಿಲ್ಲ. ಕಲಿಯಲಿ, ಬೇರೆ ಹೆಂಗಸಿಗಾದರೂ ವಯಸ್ಸಾಯಿತು ಎನ್ನದಿರಲಿ, ಎಂದುಕೊಂಡು ಕೂತಳು. ಆ ಹಾಲಿನಲ್ಲಿ ಕಲಿಸಬೇಕೆಂದು ಬಂದವಳು ಆಕೆಯೊಬ್ಬಳೇ. ಉಳಿದವರು ಕಾಣಿಸಿಕೊಳ್ಳಲು ಬಂದಿದ್ದರು.

ಎಲ್ಲರೂ ಕೂತ ಮೇಲೆ ಮಗ ಕೇಸು ಓದಿದ. ಎಷ್ಟು ಗೆಣ್ಣು, ಎಷ್ಟು ಬಾವು. ಓದುವ ಹುರುಪಿನಲ್ಲಿ ಗಂಟಲು ಏರಿತು. "ರಕ್ತ ನಾರ್ಮಲ್, ಕಿಡ್ನಿ ನಾರ್ಮಲ್, ಲಿವರ್ ಪೂರಾ ನಾರ್ಮಲ್."

ಕಾಜಾ ಅಕ್ಕ ತಲೆ ಎತ್ತಿದಳು.

ಹಿಂದಿನ ಸಾಲಿನ ಡಾಕ್ಟರಮ್ಮ ಒಬ್ಬಳು ಎದ್ದು ನಿಂತಳು. "ಸರ್, ಎಲ್ಲಾ ನಾರ್ಮಲ್ ಇದ್ರೆ ವಾರದ ಮಾತ್ರೆ ಕೊಡಬಹುದಲ್ವಾ? ಇವರು ತಗೋತಾ ಇಲ್ವಾ?"

ಮಗ ತಾಯಿಯ ಕಡೆ ನೋಡಲಿಲ್ಲ. ಕ್ಷಣ ತಡವರಿಸಿ ನಕ್ಕ.

"ಒಳ್ಳೇ ಪ್ರಶ್ನೆ. ಕೊಟ್ಟಿದ್ವಿ. ಸ್ವಲ್ಪ ಗುಣ ಕಂಡ ಕೂಡ್ಲೇ ರೋಗಿಗಳು ಮಾತ್ರೆ ಬಿಟ್ಟುಬಿಡ್ತಾರೆ. ಇದು ಬಹಳ ಮುಖ್ಯ, ಬರ್ಕೊಳ್ಳಿ."

ನಲವತ್ತು ಜನ ತಲೆ ಬಗ್ಗಿಸಿ ಬರೆದುಕೊಂಡರು. ಯಜಮಾನರೂ, ಹೇಳಿದ ಮಾತು ಕೇಳದವಳನ್ನು ನೋಡುವಂತೆ ಹೆಂಡತಿಯನ್ನು ನೋಡಿ ತಲೆಯಾಡಿಸಿದರು. ಕೊನೆಯಲ್ಲಿ ಚಪ್ಪಾಳೆಯಾಯಿತು, ರೋಗಿಗೆ ನೆನಪಿನ ಕಾಣಿಕೆಯಾಗಿ ಒಂದು ಸ್ಟೀಲ್ ಫ್ಲಾಸ್ಕ್ ಕೊಟ್ಟರು. ಬಿಗಿ ಮುಚ್ಚಳದ್ದು.

ಆ ರಾತ್ರಿ ಊಟಕ್ಕೆ ಎಲ್ಲರೂ ಕೂತ ಮೇಲೆ ಕಾಜಾ ಅಕ್ಕ ಫ್ಲಾಸ್ಕನ್ನು ಮೇಜಿನ ನಡುವೆ ಇಟ್ಟಳು.

"ನನ್ನ ಲಿವರ್ ಸರಿ ಇತ್ತಂತೆ."

ಮಗ ಅನ್ನ ಕಲಸುತ್ತಿದ್ದವನು ನಿಲ್ಲಿಸಿದ.

"ಅಮ್ಮ, ಅದು..."

"ಸರಿ ಇತ್ತೋ ಇಲ್ವೋ?"

"ಇತ್ತು. ಆದ್ರೆ ಕೇಳು, ನಲವತ್ತು ಜನ ಕಲಿತ್ರು ಇವತ್ತು..."

"ಬಾವು ಬರ್ಲಿ ಅಂತ ಮಾತ್ರೆ ನಿಲ್ಲಿಸಿದ್ಯಾ?" ಮಗಳು ತಟ್ಟೆ ಬಿಟ್ಟು ಎದ್ದಳು. "ನೀನು ಮನುಷ್ಯನೇನೋ?"

"ನೀನು ಕೂತ್ಕೋ," ಎಂದರು ಯಜಮಾನರು. "ಮನೆ ಅಂದ್ಮೇಲೆ ಒಬ್ರಿಗೊಬ್ರು ಸಹಾಯ ಮಾಡ್ಬೇಕು. ಕೆಲವು ವಾರದ ಮಾತು. ಈಗ ಮತ್ತೆ ಕೊಡ್ತಾನೆ, ಇಳಿಯುತ್ತೆ."

"ನಿಮಗೂ ಗೊತ್ತಿತ್ತು," ಎಂದಳು ಕಾಜಾ ಅಕ್ಕ.

ಯಜಮಾನರು ಉಪ್ಪು ಕೇಳಿದರು. ಯಾರೂ ಕೊಡಲಿಲ್ಲ.

"ನನ್ನ ಕೇಳಿದ್ರೆ ನಾನೇ ಬೇಡ ಅಂತಿದ್ದೆ ಅಂತ ನಿಮಗೆ ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ. ಅದೂ ಹೋಗ್ಲಿ. ಅಷ್ಟು ಜನರ ಮುಂದೆ, ನಾನೇ ಮಾತ್ರೆ ಬಿಟ್ಟೆ ಅಂದ್ಯಲ್ಲ. ಮುಂದಿನ ವಾರ ಮೊದಲನೇ ತಾರೀಖು. ನಾನು ಯಾವ ಕೈ ಹಿಡ್ಕೊಂಡು ಹೋಗ್ಲಿ?"

ಉತ್ತರ ಹೊಳೆದದ್ದು ಅಜ್ಜಿಗೆ. "ಅಂಗಡಿ ಹೋದ್ರೆ ಹೋಗ್ಲಿ, ಮನೆಕೆಲಸಕ್ಕಾದ್ರೂ ಆಗ್ತೀಯ," ಎಂದು ಮೊಟ್ಟೆಯ ಎರಡನೇ ಹೋಳು ಬಾಯಿಗೆ ಹಾಕಿಕೊಂಡಳು.

ಮರುದಿನದಿಂದ ಮಾತ್ರೆಯ ಡಬ್ಬಿ ಮಗಳ ಪೆಟ್ಟಿಗೆಗೆ ಹೋಯಿತು. ಆದರೆ ಆ ಮಾತ್ರೆ ನಿಧಾನದ್ದು, ಮೊದಲನೇ ತಾರೀಖಿನೊಳಗೆ ಕೈ ಬಿಡಿಸುವಂಥದ್ದಲ್ಲ. ಆ ದಿನ ಕಾಜಾ ಅಕ್ಕ ಅಂಗಡಿಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಮಾಸ್ಟರ್ ಕಪ್ಪು ಕೋಟೊಂದನ್ನು ಮುಂದಿಟ್ಟ. ಆಕೆ ಸೂಜಿ ಹಿಡಿದಳು. ಮೊದಲ ಹೊಲಿಗೆ ಹೋಯಿತು, ಎರಡನೆಯದಕ್ಕೆ ಹೆಬ್ಬೆರಳು ಸೂಜಿಯನ್ನು ತಳ್ಳಲಿಲ್ಲ. ಹಲ್ಲಿನಿಂದ ಎಳೆದಳು. ಮಾಸ್ಟರ್ ಬಹಳ ಹೊತ್ತು ಬೇರೆ ಕಡೆ ನೋಡುತ್ತ ನಿಂತಿದ್ದು, ಆಮೇಲೆ ಬಂದು ಕೋಟನ್ನು ಮೆಲ್ಲಗೆ ತೆಗೆದುಕೊಂಡ.

"ಕೈ ಬಂದಿತ್ತಲ್ಲ ಅಕ್ಕ. ಏನಾಯ್ತು?"

"ಮಗ ಡಾಕ್ಟರಾದ," ಎಂದಳು ಕಾಜಾ ಅಕ್ಕ.

ಮಿಷನ್ ಅದೇ ವಾರ ಬಂತು.

ತರಬೇತಿ ಬಹಳ ಚೆನ್ನಾಗಿತ್ತೆಂದು ಎಲ್ಲ ಕಡೆಯಿಂದ ಮೆಚ್ಚುಗೆ ಬಂದು, ಬೇರೆ ಊರುಗಳ ಜವಾಬ್ದಾರಿಯೂ ಮಗನಿಗೇ ಸಿಕ್ಕಿತು. ಹೊರಡುವ ಬೆಳಗ್ಗೆ ಮನೆಯ ಮುಂದೆ ಕಾರು ನಿಂತಿತ್ತು. ಯಜಮಾನರು ಮೆಟ್ಟಿಲ ಮೇಲೆ, ಅಜ್ಜಿ ಕಿಟಕಿಯಲ್ಲಿ. ಮಗ ಬಿಳಿ ಕೋಟು ತೊಡಲು ಹೋದಾಗ ನಡುವಿನ ಗುಂಡಿ ಕಿತ್ತು ಕೈಗೆ ಬಂತು. ತರಬೇತಿಯಲ್ಲಿ ಫೋಟೋ ತೆಗೆಯುವವರಿರುತ್ತಾರೆ. ತಂಗಿಯ ಕಡೆ ನೋಡಿದ. ಅವಳು ಚಪ್ಪಲಿ ಮೆಟ್ಟಿಕೊಂಡು, "ನಾನು ಚೀಟಿ ಅಂಟಿಸೋಕೆ ಹೋಗ್ಬೇಕು" ಎಂದು ಗೋಡೆಗೊರಗಿ ಅಲ್ಲೇ ನಿಂತಳು.

ಆಗ ಅವನು ಕೋಟನ್ನೂ ಗುಂಡಿಯನ್ನೂ ತಂದು, ಬಿಸಿನೀರಿನಲ್ಲಿ ಕೈ ಅದ್ದಿ ಕೂತಿದ್ದ ತಾಯಿಯ ಮುಂದೆ ಇಟ್ಟ. ಕೈಗಳ ವಿಷಯದಲ್ಲಿ ನಾಲ್ಕು ಊರಿಗೆ ಪಾಠ ಹೇಳಲು ಹೊರಟವನು, ಬೇರೇನೂ ಯೋಚಿಸದೆ ಇಟ್ಟ.

"ಅಮ್ಮ, ಇದೊಂದು ಹಾಕಿಬಿಡು. ಲೇಟಾಗುತ್ತೆ."

ಕಾಜಾ ಅಕ್ಕ ಕೋಟು ನೋಡಿದಳು, ಅವನನ್ನು ನೋಡಿದಳು. ಕೈ ಒರೆಸಿಕೊಂಡಳು.

"ಸೂಜಿ ಡಬ್ಬಿ ತಾ. ಮುಚ್ಚಳ ತೆಗಿ. ದಾರ ಪೋಣಿಸು. ಕೂತ್ಕೋ."

"ನಾನಾ? ನಂಗೆ ಬರಲ್ಲಮ್ಮ, ಟೈಮೂ ಇಲ್ಲ."

"ನಲವತ್ತು ಜನಕ್ಕೆ ಕಲಿಸೋಕೆ ಟೈಮಿತ್ತು. ನಾನು ಒಬ್ಬನಿಗೆ ಕಲಿಸ್ತೀನಿ. ಕೂತ್ಕೋ."

ಆ ಧ್ವನಿಯನ್ನು ಅವನು ಮನೆಯಲ್ಲಿ ಹಿಂದೆ ಕೇಳಿರಲಿಲ್ಲ. ಕೂತ. ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ, ನಾಲಿಗೆಗೆ ತಾಗಿಸಿ ಮತ್ತೆ ತೂರಿಸಿದ. ಕೆಳಗಿನಿಂದ ಚುಚ್ಚು ಎಂದಳು, ಚುಚ್ಚಿದ. ಸೂಜಿ ಗುಂಡಿಯ ತೂತು ತಪ್ಪಿ ಹೆಬ್ಬೆರಳಿಗೆ ನೆಟ್ಟಿತು. ಅಯ್ಯೋ ಎಂದು ಬೆರಳನ್ನು ಬಾಯಿಗಿಟ್ಟುಕೊಂಡ.

ಕಾಜಾ ಅಕ್ಕ ಸ್ವಲ್ಪ ಮುಂದಕ್ಕೆ ಬಗ್ಗಿದಳು.

"ಒಂದರಿಂದ ಹತ್ತರೊಳಗೆ ಎಷ್ಟು?"

ಮಗ ಬೆರಳು ಬಾಯಲ್ಲಿಟ್ಟುಕೊಂಡೇ ತಾಯಿಯ ಮುಖ ನೋಡಿದ. ತಲೆ ತಗ್ಗಿಸಿ ಉಳಿದ ಹೊಲಿಗೆ ಹಾಕಿ, ದಾರ ಗಂಟಿಕ್ಕಿ, ಕೋಟು ಮುಂದೆ ಹಿಡಿದ. ಗುಂಡಿಯ ಪಕ್ಕ ಬಿಳಿಯ ಮೇಲೆ ಒಂದು ಚುಕ್ಕೆ ರಕ್ತ ಅಂಟಿತ್ತು. ಹೊರಗೆ ಕಾರು ಹಾರ್ನ್ ಮಾಡಿತು.

"ಆಯ್ತಲ್ಲ, ಹೋಗ್ಲಿ ಬಿಡೇ," ಎಂದರು ಯಜಮಾನರು ಬಾಗಿಲಿನಿಂದ.

ಕಾಜಾ ಅಕ್ಕ ಊದಿದ ಬೆರಳಿನಿಂದ ಗುಂಡಿಯನ್ನು ಅಲುಗಾಡಿಸಿ ನೋಡಿದಳು.

"ಸೊಟ್ಟಗಿದೆ," ಎಂದಳು. "ಬಿಚ್ಚಿ ಮತ್ತೆ ಹಾಕು."